ನಾಲ್ಕು ಬೆರಳು ಮೇಲೆದ್ದ ಬೀದಿ

ಯಾರಾದರೂ ‘ಚೆನ್ನಾಗಿದೆ’ ಅಂದರೆ ಸಾಕು, ಕದರಯ್ಯನ ಕಿವಿಯ ಬುಡ ಬಿಸಿಯಾಗುತ್ತಿತ್ತು. ನಾಚಿಕೆಯಿಂದಲ್ಲ, ಸಿಟ್ಟಿನಿಂದ.

ಅದಕ್ಕೆ ಕಾರಣವಿತ್ತು. ಗುಬ್ಬಿ ಪಕ್ಕದ ಹಳ್ಳಿಯಲ್ಲಿ ಏಳನೇ ಕ್ಲಾಸು ಓದುತ್ತಿದ್ದಾಗ ಹೆಡ್‌ಮೇಷ್ಟ್ರು ಅವನ ಕೈಲಿ ಒಂದು ಚಾರ್ಟು ಬರೆಸಿದರು. ಮನುಷ್ಯನ ಗುಂಡಿಗೆ, ಅದರಿಂದ ಹೊರಡುವ ರಕ್ತನಾಳಗಳು. ಶಾಲಾ ಇನ್ಸ್‌ಪೆಕ್ಟರು ಬಂದ ದಿನ ಅದನ್ನೇ ಬಾಗಿಲಿಗೆ ಎದುರಾಗಿ ತೂಗುಹಾಕಿದರು. ಇನ್ಸ್‌ಪೆಕ್ಟರು ಕನ್ನಡಕ ಏರಿಸಿ ನೋಡಿ, ‘ಭೇಷ್’ ಅಂದು ಒಂದು ಪೆನ್ನು ಕೊಟ್ಟರು. ಹೆಡ್‌ಮೇಷ್ಟ್ರು ಬೆನ್ನು ತಟ್ಟಿದರು. ಮೂರನೆಯ ದಿನ ವಿಜ್ಞಾನದ ಮೇಷ್ಟ್ರಿಗೆ ಕಂಡಿತು: ಕೆಂಪು ಇರಬೇಕಾದ ಕಡೆಯೆಲ್ಲ ನೀಲಿ, ನೀಲಿ ಇರಬೇಕಾದ ಕಡೆಯೆಲ್ಲ ಕೆಂಪು. ‘ಇನ್ಸ್‌ಪೆಕ್ಟರ ಮುಂದೆ ನನ್ನ ಮಾನ ತೆಗೆದೆಯಲ್ಲೋ ಮುಂಡೇಗಂಡ’ ಎಂದು, ತಟ್ಟಿದ ಬೆನ್ನಿನ ಮೇಲೇ ಹೆಡ್‌ಮೇಷ್ಟ್ರು ಬೆತ್ತ ಆಡಿಸಿದರು. ಪೆನ್ನನ್ನೂ ಕಿತ್ತುಕೊಂಡರು. ಮಾರನೆಯ ದಿನದಿಂದ ಕದರಯ್ಯ ಶಾಲೆಯ ಕಡೆ ತಲೆ ಹಾಕಲಿಲ್ಲ. ಶಾಲೆ ಅವನಿಗೆ ಕಲಿಸಿದ ಕೊನೆಯ ಪಾಠ ಇಷ್ಟೆ: ಹೊಗಳಿಕೆ ಮೊದಲು ಬರುತ್ತದೆ, ಬೆತ್ತ ಮೂರು ದಿನ ಬಿಟ್ಟು ಬರುತ್ತದೆ.

ಅಪ್ಪ ಅವನನ್ನು ಗುಬ್ಬಿಯ ಏಕಾಂತಯ್ಯ ಮೇಷ್ಟ್ರ ಕೈಗೆ ಒಪ್ಪಿಸಿದ. ಏಕಾಂತಯ್ಯ ನಾಟಕದ ಪರದೆ ಬರೆಯುವವರು. ಅರಮನೆ, ಕಾಡು, ಬೀದಿ, ಸ್ಮಶಾನ, ಯಾವುದು ಬೇಕಾದರೂ ಇಪ್ಪತ್ತನಾಲ್ಕು ಅಡಿ ಬಟ್ಟೆಯ ಮೇಲೆ ಎಬ್ಬಿಸಿ ನಿಲ್ಲಿಸುವವರು. ಅವರ ಬಾಯಲ್ಲಿ ‘ಚೆನ್ನಾಗಿದೆ’ ಎಂಬ ಮಾತೇ ಇರಲಿಲ್ಲ. ಕೆಲಸ ಸರಿಯಿದ್ದರೆ ‘ಹೂಂ’. ಸರಿಯಿಲ್ಲದಿದ್ದರೆ ಒದ್ದೆ ಬ್ರಷ್ಷು ಬೆನ್ನಿಗೆ ಬೀಳುತ್ತಿತ್ತು. ಕದರಯ್ಯನಿಗೆ ಆ ಜಾಗ ಸ್ವರ್ಗದಂತೆ ಕಂಡಿತು. ಒಂಬತ್ತು ವರ್ಷ ಅಲ್ಲೇ ಬಣ್ಣ ಅರೆದ, ಬಣ್ಣಕ್ಕೆ ಬೆರೆಸುವ ಸರೇಸಿನ ಅಂಟು ಕಾಯಿಸಿದ, ಕಂಬದ ಗೆರೆ ಎಳೆದ, ಎಲೆಗೆ ಬಣ್ಣ ತುಂಬಿದ. ಒಂಬತ್ತು ವರ್ಷದಲ್ಲಿ ಮೂವತ್ತೋ ಮೂವತ್ತೈದೋ ‘ಹೂಂ’ ಸಂಪಾದಿಸಿದ.

ಎಂಬತ್ತಮೂರನೇ ಇಸವಿಯ ದಸರಾ ಕಳೆದ ಮೇಲೆ ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಯಿತು. ಹಸಿರು ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದ ಆ ದಿನಗಳಲ್ಲೇ ಗಂಗಹನುಮಯ್ಯ ಗುಬ್ಬಿಗೆ ಬಂದ. ಅವನು ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸದವನು. ಮೂವತ್ತೈದರ ಆಸುಪಾಸು, ಗಟ್ಟಿ ಗಂಟಲು, ನಾಟಕ ಅಂದರೆ ಪ್ರಾಣ. ರಾಜ್ಯೋತ್ಸವಕ್ಕೆ ಕಾರ್ಖಾನೆಯವರೇ ಸೇರಿ ಒಂದು ಸಾಮಾಜಿಕ ನಾಟಕ ಆಡುವವರಿದ್ದರು. ತಂಗಿಯನ್ನು ಮನೆಯಿಂದ ಆಚೆ ಹಾಕಿ, ಕಡೆಗೆ ಬೀದಿ ಬೀದಿ ಹುಡುಕುವ ಅಣ್ಣನ ಕಥೆ. ಆ ಅಣ್ಣ ಗಂಗಹನುಮಯ್ಯನೇ. ಬೀದಿ ಪರದೆ ಬೇಕಾಗಿತ್ತು.

ಮೇಷ್ಟ್ರು ಕಣ್ಣಿನ ಬಟ್ಟೆ ತೋರಿಸಿ, “ನನ್ ಕೈಲಿ ಆಗಲ್ಲಪ್ಪ. ಇವ್ನು ಬರೀತಾನೆ,” ಎಂದರು.

“ಇವ್ನಾ?” ಗಂಗಹನುಮಯ್ಯ ಕದರಯ್ಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಮೀಸೆ ಇನ್ನೂ ನೆಟ್ಟಗೆ ಬಂದಿಲ್ಲ.”

“ಮೀಸೇಲಿ ಬರೆಯಲ್ಲ,” ಎಂದ ಕದರಯ್ಯ.

ಗಂಗಹನುಮಯ್ಯ ಗಹಗಹಿಸಿ ನಕ್ಕ. ಆ ನಗುವಿನಲ್ಲೇ ಒಪ್ಪಂದವಾಯಿತು. ಆದರೆ ಅಂತರಸನಹಳ್ಳಿಯಲ್ಲಿ ಅಷ್ಟು ಸಲೀಸಾಗಿ ಆಗಲಿಲ್ಲ. ಹೆಸರಾದ ಸೀನರಿ ಅಂಗಡಿಯಿಂದ ಬಾಡಿಗೆಗೆ ತರುವುದು ಬಿಟ್ಟು ಗೊತ್ತುಗುರಿಯಿಲ್ಲದ ಹುಡುಗನ ಕೈಲಿ ಬರೆಸುವುದೇ ಎಂದು ಕಾರ್ಖಾನೆಯ ನಾಟಕ ಸಂಘದವರು ಮೂತಿ ತಿರುಗಿಸಿದರು. ಗಂಗಹನುಮಯ್ಯ ಎದೆ ತಟ್ಟಿಕೊಂಡು, “ಸೀನು ಕೆಟ್ರೆ ನಾನು ಇನ್ಮೇಲೆ ಪಾರ್ಟ್ ಹಾಕಲ್ಲ, ಹೋಗ್ರಲೇ,” ಎಂದುಬಿಟ್ಟ. ಆ ಮಾತು ಬಾಯಿಂದ ಬಾಯಿಗೆ ದಾಟಿ ಕದರಯ್ಯನ ಕಿವಿಗೂ ಬಿತ್ತು. ಆವತ್ತು ಅವನು ತೊಳೆದಿದ್ದ ಬ್ರಷ್ಷುಗಳನ್ನೇ ಮತ್ತೆ ತೊಳೆದ.

ಗಂಗಹನುಮಯ್ಯನ ಬಾಡಿಗೆ ಮನೆ ಬಟವಾಡಿಯಲ್ಲಿ. ಮನೆಯ ಹಿಂದೆ ಮುಚ್ಚಿಹೋದ ಮರದ ಡಿಪೋ ಒಂದಿತ್ತು. ಅದರ ಶೆಡ್ಡಿನಲ್ಲಿ ಕೆಲಸ. ಗಂಗಹನುಮಯ್ಯನ ಹೆಂಡತಿ ನಿಂಗಮ್ಮ ಮೂರಡಿ ಅಗಲದ ಎಂಟು ಪನ್ನ ಮಾರ್ಕೀನು ಬಟ್ಟೆಯನ್ನು ಒಂದರ ಪಕ್ಕ ಒಂದಿಟ್ಟು ತನ್ನ ಕೈಮಿಷನ್ನಿನಲ್ಲಿ ಜೋಡಿಸಿ ಹೊಲಿದಳು. ಒಂದೊಂದು ಹೊಲಿಗೆಯೂ ಹದಿನೈದು ಅಡಿ ಉದ್ದ. ನಾಲ್ಕು ದಿನ ಚಕ್ರ ತಿರುಗಿಸಿ ಬಲಗೈ ಎತ್ತಲಾಗದಂತಾಗಿತ್ತು. ಬಟ್ಟೆ ಮಡಿಸಿ ತಂದು ಶೆಡ್ಡಿನಲ್ಲಿಟ್ಟಾಗ ಕದರಯ್ಯ, “ಅಲ್ಲಿಡಿ ಅತ್ಗೆ,” ಎಂದ. ತಲೆ ಎತ್ತಲಿಲ್ಲ. ಸರೇಸು ಉಕ್ಕುತ್ತಿತ್ತು.

ತಪ್ಪಾದದ್ದು ಆ ಶೆಡ್ಡಿನಲ್ಲೇ. ಪರದೆ ಇಪ್ಪತ್ತನಾಲ್ಕು ಅಡಿ ಅಗಲ, ಗೋಡೆಯ ಅಗಲ ಹದಿನಾಲ್ಕೇ ಅಡಿ. ಅರ್ಧ ಬರೆದು, ಸುತ್ತಿ, ಸರಿಸಿ, ಉಳಿದರ್ಧ ಬರೆಯಬೇಕು. ಬೀದಿ ಸೀನಿಗೆ ಒಂದು ಕಟ್ಟುನಿಟ್ಟಿದೆ. ನಡುವೆ ಎದೆಮಟ್ಟದಲ್ಲಿ ಒಂದು ಮೊಳೆ ಹೊಡೆದು, ಎಡಬಲದ ಮನೆಗಳ ಸೂರು, ಜಗಲಿ, ಚರಂಡಿ ಎಲ್ಲದರ ಗೆರೆಯನ್ನೂ ಆ ಮೊಳೆಗೆ ಕಟ್ಟಿದ ದಾರದಿಂದಲೇ ಎಳೆಯಬೇಕು. ಆಗ ಬೀದಿ ದೂರ ದೂರ ಹೋಗಿ ಒಂದು ಚುಕ್ಕೆಯಲ್ಲಿ ಮುಗಿಯುತ್ತದೆ. ಬಟ್ಟೆ ಸರಿಸಿದರೂ ಆ ಮಟ್ಟ ತಪ್ಪಬಾರದು. ಅದಕ್ಕೇ ಏಕಾಂತಯ್ಯ ಮೇಷ್ಟ್ರು ಒಂಬತ್ತು ವರ್ಷ ಒಂದೇ ಮಾತು ಹೇಳುತ್ತಿದ್ದರು: “ದಾರ ಮೊದ್ಲು ಬಟ್ಟೆಗೆ, ಆಮೇಲೆ ಬಟ್ಟೆ ಗೋಡೆಗೆ.” ಬಟ್ಟೆಯನ್ನು ನೆಲದ ಮೇಲೆ ಹಾಸಿ, ನೀಲಿ ಅದ್ದಿದ ದಾರ ಎಳೆದು ಈ ತುದಿಯಿಂದ ಆ ತುದಿಗೆ ಮಟ್ಟದ ಗೆರೆ ಹೊಡೆದುಕೋ, ಆಮೇಲೆ ತೂಗುಹಾಕು ಎಂದು ಅದರರ್ಥ.

ಶೆಡ್ಡಿನ ನೆಲದ ತುಂಬ ಮರದ ಹೊಟ್ಟು. ಗುಡಿಸಬೇಕು, ತೊಳೆಯಬೇಕು, ಒಣಗಬೇಕು. ಒಂದು ದಿನ ಹಾಳು. ಕದರಯ್ಯ ಗೋಡೆಯ ಮೇಲೇ ಗುರುತು ಮಾಡಿಕೊಂಡ. ಗೋಡೆ ಎಲ್ಲಿಗೆ ಓಡಿಹೋಗುತ್ತದೆ, ಗುರುತು ಅಲ್ಲೇ ಇರುತ್ತದಲ್ಲ ಎಂದುಕೊಂಡ. ಗೋಡೆ ಓಡಲಿಲ್ಲ, ನಿಜ. ಬಟ್ಟೆ ಸರಿಸಿ ಎರಡನೇ ಸಲ ಗೋಡೆಗೆ ಬಿಗಿದಾಗ ಬಟ್ಟೆಯೇ ನಾಲ್ಕು ಬೆರಳು ಕೆಳಗೆ ಕೂತಿತ್ತು. ಅವನು ನೋಡಲಿಲ್ಲ. ಹನ್ನೆರಡು ದಿನ ನಿಂಗಮ್ಮನ ಕೈಯ ಮುದ್ದೆ ತಿಂದು, ಬಲಗಡೆಯ ಮನೆಗಳನ್ನೆಲ್ಲ ನಾಲ್ಕು ಬೆರಳು ಮೇಲಕ್ಕೆ ಬರೆದು ಮುಗಿಸಿದ.

ನಾಟಕ ಭಾನುವಾರ ಮಧ್ಯಾಹ್ನ ಮೂರಕ್ಕೆ. ರಾತ್ರಿ ಪಾಳಿಯವರು ಕೆಲಸಕ್ಕೆ ಹೋಗಬೇಕಾಗಿದ್ದರಿಂದ ಹಗಲಲ್ಲೇ ಮುಗಿಸಬೇಕಾಗಿತ್ತು. ಹನ್ನೊಂದರ ಹೊತ್ತಿಗೆ ಕಾರ್ಖಾನೆಯ ಖಾಲಿ ಗೋಡೌನಿನಲ್ಲಿ ಪರದೆ ಮೇಲೇರಿತು. ಇಡೀ ಪರದೆಯನ್ನು ಒಟ್ಟಿಗೆ ಕದರಯ್ಯ ನೋಡಿದ್ದು ಆಗಲೇ.

ಎಡಗಡೆಯ ಬೀದಿ ಒಂದು ಕಡೆ ಹೋಗಿ ಮುಗಿದಿತ್ತು. ಬಲಗಡೆಯ ಬೀದಿ ಅದಕ್ಕಿಂತ ನಾಲ್ಕು ಬೆರಳು ಮೇಲೆ ಹೋಗಿ ಮುಗಿದಿತ್ತು. ಊರೇ ಎಡಕ್ಕೆ ವಾಲಿದ ಹಾಗೆ.

ಹಗ್ಗ ಹಿಡಿದಿದ್ದವರು ಅದನ್ನು ಕಂಬಕ್ಕೆ ಬಿಗಿದು ಚಪ್ಪಾಳೆ ತಟ್ಟಿದರು. ಒಬ್ಬ ಶಿಳ್ಳೆ ಹೊಡೆದ. “ಥೇಟ್ ಚಿಕ್ಕಪೇಟೆ ಕಣ್ಲಾ! ಒಳಗ್ ಹೋಗಿ ಒಂದ್ ಕಾಫಿ ಕುಡ್ಕಂಡ್ ಬರಾಣ ಅನ್ನಿಸ್ತದೆ!”

ಕದರಯ್ಯ ಗಂಗಹನುಮಯ್ಯನ ತೋಳು ಹಿಡಿದು ಪಕ್ಕಕ್ಕೆ ಎಳೆದ. “ಅಣ್ಣ, ಇಳ್ಸು ಇದನ್ನ.”

“ಯಾಕ್ಲಾ?”

“ತಪ್ಪಾಗೈತೆ. ನಾಲ್ಕ್ ಬೆರಳು ಎದ್ದೈತೆ ಬಲಗಡೆ.”

ಗಂಗಹನುಮಯ್ಯ ಕಣ್ಣು ಕಿರಿದು ಮಾಡಿ ನೋಡಿದ. ತಲೆ ಓರೆ ಮಾಡಿ ನೋಡಿದ. “ನಂಗೇನೂ ಕಾಣಕ್ಕಿಲ್ಲ.”

“ನಂಗೆ ಕಾಣ್ತದೆ.”

“ಹಂಗಾದ್ರೆ ನೀನ್ ಕಣ್ ಮುಚ್ಕೊ. ಮೂರ್ ಗಂಟೆಗೆ ನಾಟ್ಕ ಇಟ್ಕಂಡು ಈಗೇನ್ ಬೆತ್ಲೆ ಗೋಡೆ ಮುಂದೆ ಕುಣಿಯಾಣ್ವಾ? ಬುಡು, ಚೆನ್ನಾಗದೆ.”

ಆವತ್ತು ಮಧ್ಯಾಹ್ನದವರೆಗೆ ‘ಚೆನ್ನಾಗದೆ’ ಎಷ್ಟು ಸಲ ಕೇಳಿತೋ. ವಾಚ್‌ಮನ್ ಮಹಾದೇವಯ್ಯ ಗೇಟು ಬಿಟ್ಟು ಬಂದು ನೋಡಿ ಹೇಳಿದ. ಕ್ಯಾಂಟೀನಿನವರು ಕೈ ಒರೆಸಿಕೊಳ್ಳುತ್ತ ಬಂದು ಹೇಳಿದರು. ಒಬ್ಬ ಮುದುಕ ಸುಮ್ಮನೆ ಬಂದು ಕದರಯ್ಯನ ಎರಡೂ ಕೈ ಹಿಡಿದುಕೊಂಡು, ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿ ಹೋದ. ಒಬ್ಬೊಬ್ಬರ ಮಾತೂ ಒಂದೊಂದು ಮುಳ್ಳು. ಇವರೆಲ್ಲ ಕುರುಡರು ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಇಲ್ಲ, ಇವರಿಗೆ ಮೂರನೆಯ ದಿನ ಕಾಣುತ್ತದೆ ಎಂದು ಇನ್ನೊಂದು ಗಳಿಗೆ. ಬೆನ್ನಿನ ಮೇಲೆ ಹಳೆಯ ಬೆತ್ತದ ಜಾಗ ಚುರುಚುರು ಅನ್ನುತ್ತಿತ್ತು. ಊಟಕ್ಕೆ ಕರೆದರೆ ಹೋಗಲಿಲ್ಲ.

ನಾಟಕ ಶುರುವಾಯಿತು. ಮೊದಲ ಎರಡು ದೃಶ್ಯ ಮನೆಯೊಳಗಿನವು. ಮೂರನೆಯದಕ್ಕೆ ಬೀದಿ ಪರದೆ ಇಳಿಯಿತು. ಜನ ‘ಓ’ ಎಂದರು. ಆ ‘ಓ’ ಆರುವ ಮೊದಲೇ ಸನ್ಮಾನ ಎಂದು ಮೈಕಿನಲ್ಲಿ ಕೂಗಿದರು. ಕಾರ್ಖಾನೆಯ ಮ್ಯಾನೇಜರ್ ಪಟ್ಟಾಭಿರಾಮ ಅವರು ವೇದಿಕೆ ಹತ್ತಿದರು. ಕದರಯ್ಯನನ್ನು ಇಬ್ಬರು ರಟ್ಟೆ ಹಿಡಿದು ತಂದು ನಿಲ್ಲಿಸಿದರು. ಹಾರ ಬಿತ್ತು, ಶಾಲು ಬಿತ್ತು, ಕೈಗೆ ನಿಂಬೆಹಣ್ಣು ಬಂತು.

“ನಾನು ಎಷ್ಟೋ ಊರಲ್ಲಿ ನಾಟಕ ನೋಡಿದೀನಿ,” ಎಂದರು ಪಟ್ಟಾಭಿರಾಮ. “ಇಷ್ಟು ಪರ್ಫೆಕ್ಟಾದ ಪರದೆ ನೋಡಿಲ್ಲ. ಒಂದು ಗೆರೆ ಆಚೆ ಈಚೆ ಇಲ್ಲ. ನಮ್ಮ ಡ್ರಾಯಿಂಗ್ ಸೆಕ್ಷನ್‌ನವರು ಈ ಹುಡುಗನ್ನ ನೋಡಿ ಕಲೀಬೇಕು.”

ಒಂದು ಗೆರೆ ಆಚೆ ಈಚೆ ಇಲ್ಲ! ಕದರಯ್ಯನ ತಲೆಯಲ್ಲಿ ಏನೋ ಕಿತ್ತುಕೊಂಡಿತು. ಮೈಕು ಎದುರಿಗೇ ಇತ್ತು.

“ಸುಳ್ಳು,” ಎಂದ. ಗೋಡೌನಿನ ತಗಡು ಮಾಡಿಗೆ ಬಡಿದು ಅದು ಎರಡು ಸಲ ಕೇಳಿಸಿತು. “ಪರದೆ ತಪ್ಪಾಗೈತೆ. ಬಲಗಡೆ ಮನೆ ನೋಡ್ರಿ, ಎಡಗಡೆ ಮನೆ ನೋಡ್ರಿ. ಜಗಲಿ ಸಮ ಇಲ್ಲ. ನಾಲ್ಕ್ ಬೆರಳು ಮೇಲೈತೆ. ರಸ್ತೆ ಎಲ್ಲಿಗ್ ಹೋಗಿ ಸೇರ್ತದೆ ನೋಡ್ರಿ, ಎರಡ್ ಕಡೆ ಸೇರ್ತದೆ. ಇದನ್ನ ಚೆನ್ನಾಗಿದೆ ಅಂತೀರಲ್ಲ, ಕಣ್ ಎಲ್ಲಿಟ್ಟಿದೀರಾ?”

ಶಾಲು ತೆಗೆದು ಮೇಜಿನ ಮೇಲೆ ಹಾಕಿದ. ಹಾರವನ್ನೂ ತೆಗೆದ. ಇಳಿದು ಹೋಗಿ ಗೋಡೌನಿನ ಹಿಂದಿನ ಕಂಬಕ್ಕೆ ಒರಗಿ ನಿಂತ. ಎದೆ ಹಗುರವಾಗಿತ್ತು. ಈ ಸಲ ಬೆತ್ತಕ್ಕಿಂತ ಮೊದಲು ತಾನೇ ಹೇಳಿದ್ದ.

ಆ ಹಗುರ ಹತ್ತು ನಿಮಿಷವೂ ಉಳಿಯಲಿಲ್ಲ.

ತೋರಿಸುವ ತನಕ ಯಾರಿಗೂ ಕಾಣದಿದ್ದದ್ದು ತೋರಿಸಿದ ಮೇಲೆ ಎಲ್ಲರಿಗೂ ಕಂಡಿತು. ಬರೀ ಅದೇ ಕಂಡಿತು. ಹಾಸ್ಯ ಪಾತ್ರದವನು ಬಂದವನೇ ಬಲಗಡೆಯಿಂದ ಎಡಗಡೆಗೆ ಜಾರಿದಂತೆ ನಡೆದು, “ಅಯ್ಯಯ್ಯೋ, ಯಾವನ್ಲಾ ನಮ್ಮೂರ್ನ ಇಳುಕ್ಲಲ್ಲಿ ಕಟ್ಟಿದ್ದು!” ಎಂದ. ಗೋಡೌನು ಬಿದ್ದುಹೋಗುವ ಹಾಗೆ ಜನ ನಕ್ಕರು. ಅದೂ ಸರಿಯೇ. ಹಾಸ್ಯಕ್ಕೆ ನಗಬೇಕು. ಆದರೆ ಅದರ ಹಿಂದೆಯೇ ಕಡೆಯ ದೃಶ್ಯ, ಅದೂ ಅದೇ ಬೀದಿಯಲ್ಲಿ. ತಂಗಿಯ ಪಾತ್ರಕ್ಕೆ ತುಮಕೂರು ಪೇಟೆಯಿಂದ ಕರೆಸಿದ್ದ ನಟಿ ಕೌಸಲ್ಯ ಬಾಡಿದ ಮುಖದಲ್ಲಿ ಬಂದು ನಿಂತಳು. ಗಂಗಹನುಮಯ್ಯ ಕೆದರಿದ ತಲೆಯಲ್ಲಿ, ಮೂರು ತಿಂಗಳಿಂದ ಲೇತಿನ ಸದ್ದಿನ ನಡುವೆ ಬಾಯಿಪಾಠ ಮಾಡಿದ್ದ ಮಾತು ಶುರು ಮಾಡಿದ. “ಈ ಬೀದಿಯಲ್ಲೇ ಅಲ್ಲವೇನಮ್ಮ ನಿನ್ನ ಕೈ ಹಿಡಿದು ನಡೆಸಿದ್ದು...”

“ಜಾರಿಬಿಟ್ಟೀಯ, ಬಿಗಿಯಾಗಿ ಹಿಡ್ಕೊಳ್ಳಣ್ಣೋ!” ಹಿಂದಿನಿಂದ ಯಾರೋ ಕೂಗಿದರು.

ನಗು ಎದ್ದಿತು. ಗಂಗಹನುಮಯ್ಯ ನಿಂತ. ಮತ್ತೆ ಶುರು ಮಾಡಿದ. ಮತ್ತೆ ನಗು. ಕೌಸಲ್ಯ ಅನುಭವಸ್ಥಳು, ತನ್ನ ಮಾತನ್ನು ಗಟ್ಟಿಯಾಗಿ ಹೇಳಿ ದೃಶ್ಯವನ್ನು ಹೇಗೋ ದಡ ಸೇರಿಸಿದಳು. ಗಂಗಹನುಮಯ್ಯನ ಕಡೆಯ ಆರು ಮಾತು ಬಾಯಲ್ಲೇ ಉಳಿದವು. ಮುಂದಿನ ಪರದೆ ಬಿತ್ತು, ನಾಟಕ ಮುಗಿಯಿತು. ಬಣ್ಣ ತೊಳೆಯದೆಯೇ ಅವನು ಸೈಕಲ್ ಹತ್ತಿ ಹೋದ. ಕದರಯ್ಯನ ಮುಂದೆಯೇ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ಬೆಳಗ್ಗೆ ಕದರಯ್ಯ ಬ್ರಷ್ಷು, ಡಬ್ಬ ತೆಗೆದುಕೊಳ್ಳಲು ಬಟವಾಡಿಗೆ ಹೋದ. ಗಂಗಹನುಮಯ್ಯ ಮೊದಲ ಪಾಳಿಗೆ ಹೊರಟುಹೋಗಿದ್ದ. ಪರದೆ ಸುರುಳಿ ಸುತ್ತಿಕೊಂಡು ಜಗಲಿಯ ಮೇಲೆ ಬಿದ್ದಿತ್ತು. ನಿಂಗಮ್ಮ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

“ಅಮೃತೂರಿನ್ ಸ್ಕೂಲಲ್ಲಿ ಇದೇ ನಾಟ್ಕ ಆಡ್ತೀವಿ ಅಂತ ಒಪ್ಕಂಡವ್ರೆ, ಬರೋ ತಿಂಗಳು,” ಎಂದಳು ತಲೆ ಎತ್ತದೆ. “ಬಾಡಿಗೆ ಪರದೆ ನೋಡ್ತಾವ್ರೆ ನಿಮ್ಮಣ್ಣ.”

“ಅದೇ ಸರಿ,” ಎಂದ ಕದರಯ್ಯ. “ಇದು ಕೆಟ್ಟೋಗೈತೆ. ನಾನು ಇದ್ದದ್ದನ್ನ ಹೇಳ್ದೆ ಅತ್ಗೆ. ಸುಳ್ ಹೊಗಳಿಕೆ ನಂಗೆ ಬ್ಯಾಡ.”

ನಿಂಗಮ್ಮ ಮೊರ ಕೆಳಗಿಟ್ಟಳು. “ಹೂಂ ಕಣಪ್ಪ. ನೀನು ನಿಂದ್ ನೋಡ್ಕಂಡೆ. ಹಾರ ಹಾಕಿದ್ರು, ಕಿತ್ತಾಕ್ದೆ. ಶಾಲು ಹೊದ್ಸಿದ್ರು, ಬಿಸಾಕ್ದೆ. ನಿಂಗೆ ಬೇಕಾದಷ್ಟು ಬರ್ತದೆ ಅಂತ ಕಾಣ್ತದೆ, ಅದ್ಕೇ ಬಿಸಾಕ್ತೀಯ. ನಾಲ್ಕ್ ದಿನ ಕೂತು ಹೊಲ್ದು ತಂದ್ಕೊಟ್ನಲ್ಲ, ಹೆಂಗದೆ ಅಂತ ನೀನೊಂದ್ ಮಾತು ಅಂದ್ಯಾ? ‘ಅಲ್ಲಿಡಿ’ ಅಂದೆ. ಇಟ್ಟೆ.”

ಕದರಯ್ಯ ಜಗಲಿಯ ಮೇಲಿನ ಸುರುಳಿಯ ಕಡೆ ನೋಡಿದ.

“ನಿನ್ನೆ ಆ ಪರದೆ ನೋಡಿ ಜನ ‘ಓ’ ಅಂದ್ರಲ್ಲ,” ಎಂದಳು ನಿಂಗಮ್ಮ, “ಅದ್ರಲ್ಲಿ ಸ್ವಲ್ಪ ನಂಗೂ ಇರ್ಲಿ ಅಂತ ಕೂತಿದ್ದೆ. ನೀನು ಎಲ್ಲಾನೂ ಒಟ್ಗೆ ವಾಪಸ್ ಕೊಟ್ಬುಟ್ಟೆ. ನಿಮ್ಮಣ್ಣಂದೂ ಕೊಟ್ಬುಟ್ಟೆ.” ಮತ್ತೆ ಮೊರ ಎತ್ತಿಕೊಂಡಳು. “ಬ್ರಷ್ಷು ಆ ಮೂಲೇಲಿ ಅವೆ.”

ಗುಬ್ಬಿಯ ಬಸ್ಸಿನಲ್ಲಿ ಕದರಯ್ಯನಿಗೆ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತು. ಹೊರಗೆ ಏನೂ ಕಾಣಲಿಲ್ಲ. ‘ಅವರಿಗೇನು ಗೊತ್ತು’ ಎಂದು ಒಳಗೊಳಗೇ ಕೂಗಾಡಿದ. ಹೆಗ್ಗೆರೆ ದಾಟುವವರೆಗೆ ಕೂಗಾಡಿದ. ಆಮೇಲೆ ಕೂಗಾಡಲು ಏನೂ ಉಳಿದಿರಲಿಲ್ಲ.

ಏಕಾಂತಯ್ಯ ಮೇಷ್ಟ್ರು ಎಲ್ಲವನ್ನೂ ಕೇಳಿದರು. ಕಣ್ಣಿಗೆ ಹಸಿರು ಬಟ್ಟೆ ಇನ್ನೂ ಇತ್ತು.

“ದಾರ ಮೊದ್ಲು ಎಲ್ಲಿಗೆ?”

“ಬಟ್ಟೆಗೆ.”

“ನೀನ್ ಎಲ್ಲಿಗೆ ಕಟ್ದೆ?”

“ಗೋಡೆಗೆ.”

ಮೇಷ್ಟ್ರ ಕೈ ಪಕ್ಕದಲ್ಲಿ ತಡಕಾಡಿತು. ಬ್ರಷ್ಷು ಇರಲಿಲ್ಲ. ಬೀಸಣಿಗೆ ಸಿಕ್ಕಿತು, ಅದರಲ್ಲೇ ಬೆನ್ನಿಗೆ ಒಂದು ಬಿತ್ತು. ಕದರಯ್ಯನಿಗೆ ಹಾಯೆನಿಸಿತು.

“ಇದು ತಪ್ಪಿಗೆ,” ಎಂದರು ಮೇಷ್ಟ್ರು. ಇನ್ನೊಂದು ಬಿತ್ತು. “ಇದು ಮೈಕಿಗೆ. ತಪ್ಪನ್ನ ನನ್ನತ್ರ ಹೇಳ್ಬೇಕು. ತಿದ್ದೋದು ಹೆಂಗೆ ಅಂತ ನಂಗ್ ಗೊತ್ತು. ಆ ಜನ ಏನ್ ಮಾಡ್ತಾರೆ ಪಾಪ ಅದನ್ನ ಇಟ್ಕಂಡು? ನಗ್ತಾರೆ.”

“ನೀವು ಒಂದ್ ದಿನಾನೂ ಚೆನ್ನಾಗದೆ ಅಂದವ್ರಲ್ಲ ಮೇಷ್ಟ್ರೇ.”

“ನಾನು ಅನ್ನಲ್ಲ. ನಂದು ಆ ಕೆಲ್ಸ ಅಲ್ಲ. ಅದು ಅವ್ರ ಕೆಲ್ಸ.” ಬೀಸಣಿಗೆ ಪಕ್ಕಕ್ಕಿಟ್ಟು, “ನಡುವಿನ ಹೊಲಿಗೆ ಎಲ್ಲಿ ಬರ್ತದೆ?” ಎಂದು ಕೇಳಿದರು.

“ಎಡಗಡೆ ನಾಲ್ಕ್ ಪನ್ನ, ಬಲಗಡೆ ನಾಲ್ಕ್ ಪನ್ನ. ಸರಿಯಾಗಿ ರಸ್ತೆ ಮಧ್ಯ.”

“ಅಯ್ಯೋ ಮಂಕೆ. ಹೊಲಿಗೆ ಬಿಚ್ಚು. ಬಲಗಡೆದು ನಾಲ್ಕ್ ಬೆರಳು ಇಳ್ಸು. ಮತ್ತೆ ಹೊಲ್ಸು. ಮೇಲೆ ಖಾಲಿ ಆಗಿದ್ದು ಸ್ಟೇಜಿನ್ ಮೇಲ್ಗಡೆ ಕಟ್ಟೋ ಝಾಲರಿನ ಹಿಂದೆ ಹೋಗ್ತದೆ. ರಸ್ತೆ, ಆಕಾಶ ಎರಡ್ ಗೇಣು ತಿದ್ದು.”

ಕದರಯ್ಯ ಎದ್ದು ನಿಂತ. ಇಷ್ಟು ಸುಲಭ ಅವನಿಗೆ ಹೊಳೆದೇ ಇರಲಿಲ್ಲ. ಸುಲಭ ಅಲ್ಲವೆಂದು ಬಾಗಿಲ ಹತ್ತಿರ ಬಂದಾಗ ಹೊಳೆಯಿತು. ಹದಿನೈದು ಅಡಿ ಹೊಲಿಗೆ. ಹೊಲಿಯುವವಳು ನಿಂಗಮ್ಮ. ಅವಳ ಹತ್ತಿರ ಹೋಗಿ ಕೇಳಬೇಕು.

ಹೋಗಲು ಒಂದು ವಾರ ಹಿಡಿಯಿತು. ಹೋದ ದಿನ ನಿಂಗಮ್ಮ ಜಗಲಿ ಸಾರಿಸುತ್ತಿದ್ದಳು. ಅವನು ಬಂದ ಕೆಲಸ ಹೇಳಿದ. ಅವಳು ಕೈ ತೊಳೆದು ಬಂದು, ಸುರುಳಿಯ ಒಂದು ತುದಿ ಹಿಡಿದಳು. ಇಬ್ಬರೂ ಅದನ್ನು ಶೆಡ್ಡಿಗೆ ಹೊತ್ತರು. ಕದರಯ್ಯ ಅಂದು ನೆಲ ಗುಡಿಸಿದ, ತೊಳೆದ. ಒಣಗುವವರೆಗೆ ಹೊರಗೆ ಕುಕ್ಕರಗಾಲಲ್ಲಿ ಕೂತು ಕಾದ. ಆಮೇಲೆ ಪರದೆಯನ್ನು ಮಗುಚಿ, ಹೊಲಿಗೆಯ ಬೆನ್ನು ಮೇಲಾಗುವಂತೆ ಹಾಸಿದರು.

ನಿಂಗಮ್ಮ ಕತ್ತರಿ ತಂದಳು. ಕೊಡಲಿಲ್ಲ.

“ಬಿಚ್ಚಕ್ ಮುಂಚೆ ಒಂದಪ ನೋಡು,” ಎಂದಳು. “ಬಿಚ್ಚಿದ್ಮೇಲೆ ಏನ್ ನೋಡ್ತೀಯ.”

ಕದರಯ್ಯ ಮೊಣಕಾಲೂರಿ ನೋಡಿದ. ಹನ್ನೆರಡು ದಿನ ಅದರ ಮೇಲೇ ಬಣ್ಣ ಬಳಿದಿದ್ದ, ನೋಡಿರಲಿಲ್ಲ. ಎರಡೂ ಅಂಚನ್ನು ಒಂದರೊಳಗೊಂದು ಮಡಿಸಿ, ಎರಡು ಸಲ ಹೊಲಿದಿದ್ದಳು. ಒಂದು ಎಳೆ ಬಿಟ್ಟಿರಲಿಲ್ಲ. ಈ ತುದಿಯಿಂದ ಆ ತುದಿಗೆ ದಾರ ಹೊಡೆದ ಹಾಗೆ ನೆಟ್ಟಗೆ ಹೋಗಿತ್ತು. ಸುತ್ತಿ ಬಿಚ್ಚಿ, ಎಳೆದಾಡಿ ಏನು ಮಾಡಿದರೂ ಮುಂದಿನಿಂದ ಹೊಲಿಗೆ ಇದೆಯೆಂದೇ ಗೊತ್ತಾಗುತ್ತಿರಲಿಲ್ಲ. ಇಡೀ ಪರದೆಯಲ್ಲಿ ಮಟ್ಟ ತಪ್ಪದ ಗೆರೆ ಅದೊಂದೇ ಎಂದು ಅವನಿಗೆ ಅನ್ನಿಸಿತು. ಹೊಗಳಿಕೆಯ ಮಾತು ಹೇಳುವುದು ಅವನಿಗೆ ರೂಢಿಯಿರಲಿಲ್ಲ.

“ಚೆನ್ನಾಗದೆ ಅತ್ಗೆ.”

“ಎಲ್ ಚೆನ್ನಾಗದೆ,” ಎಂದಳು ನಿಂಗಮ್ಮ ತಟ್ಟನೆ. “ಆ ಮೂರ್ನೇ ಪನ್ನದತ್ರ ನೋಡು, ಸುಕ್ ಬಿದ್ದದೆ. ದಾರ ತುಂಡಾಗಿ ಗಂಟು ಹಾಕಿದೀನಿ ಎರಡ್ ಕಡೆ. ಸುಮ್ಕೆ ಹೇಳ್ಬ್ಯಾಡ.”

ಕದರಯ್ಯನಿಗೆ ಮುಖಕ್ಕೆ ಹೊಡೆದಂತಾಯಿತು. ಅಷ್ಟು ಕಷ್ಟಪಟ್ಟು ಹೊರಗೆ ತಂದ ಮಾತು! “ನಾನು ಸುಮ್ಕೆ ಹೇಳೋನಾ?” ಎಂದು ರೇಗಿದ. “ನಿಮ್ ಸುಕ್ಕು ಕಟ್ಕಂಡು ನಂಗೇನು? ನಂಗೆ ಚೆನ್ನಾಗ್ ಕಾಣ್ತು, ಹೇಳ್ದೆ. ಕಣ್ಣಿರೋನು ಹೇಳ್ತಾ ಇದೀನಿ. ತಗೊಳ್ಳಾಕ್ ಏನ್ ಕಷ್ಟ ನಿಮ್ಗೆ?”

ನಿಂಗಮ್ಮ ಕತ್ತರಿ ಹಿಡಿದುಕೊಂಡೇ ಅವನ ಮುಖ ನೋಡಿದಳು. ತುಟಿಯ ಮೂಲೆ ಸ್ವಲ್ಪ ಅಲುಗಿತು. ಅವಳು ಏನೂ ಹೇಳಬೇಕಾಗಿರಲಿಲ್ಲ. ತನ್ನ ಮಾತು ತನ್ನ ಕಿವಿಗೇ ಬಿದ್ದು ಕದರಯ್ಯ ಕಿವಿಯ ಬುಡದವರೆಗೂ ಕೆಂಪಾಗಿದ್ದ.

“ತಗಂಡೆ ಕಣಪ್ಪ,” ಎಂದಳು ಆಮೇಲೆ. “ಸಂತೋಷ. ಸುಕ್ಕು ಇದ್ದೇ ಅದೆ. ಆದ್ರೂ ಸಂತೋಷ.” ಕತ್ತರಿ ಕೈಗಿಟ್ಟಳು.

ಅರ್ಧ ಹೊಲಿಗೆ ಬಿಚ್ಚುವ ಹೊತ್ತಿಗೆ ಗಂಗಹನುಮಯ್ಯ ಪಾಳಿ ಮುಗಿಸಿ ಬಂದ. ಶೆಡ್ಡಿನ ಬಾಗಿಲಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ನಿಂತ. ನೆಲದ ಮೇಲೆ ಬೀದಿ ಅರ್ಧಕ್ಕೆ ಸೀಳಿ ಮಗುಚಿ ಬಿದ್ದಿತ್ತು. ಹೆಂಡತಿ ಒಂದು ತುದಿಯಲ್ಲಿ ದಾರ ಕೀಳುತ್ತಿದ್ದಳು, ಕದರಯ್ಯ ಇನ್ನೊಂದು ತುದಿಯಲ್ಲಿ. ಗಂಗಹನುಮಯ್ಯ ಕ್ಯಾರಿಯರ್ ಇಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದು, ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದ.

“ನಾಲ್ಕ್ ಬೆರಳು ಅಂದ್ರೆ ಯಾರ್ ಬೆರಳು?” ಎಂದು ಗೊಣಗಿದ. “ನಂದಾ, ನಿಂದಾ?”

“ನಂದು,” ಎಂದ ಕದರಯ್ಯ.

“ನಿಂದು ಕಡ್ಡಿ ಇದ್ದಂಗವೆ. ಮೂರೇ ಬೆರಳಾಯ್ತು ನಂದ್ರಲ್ಲಿ. ಮೂರ್ ಬೆರಳಿಗೆ ನನ್ ನಾಟ್ಕ ಕೆಡ್ಸಿದ್ಯಲ್ಲಲೇ.”

ಬೈಗುಳವೇ. ಕಡೆಗೂ ಬಂತು. ಕದರಯ್ಯ ತಲೆ ತಗ್ಗಿಸಿ ಉಳಿದ ಹೊಲಿಗೆ ಬಿಚ್ಚಿ, ನೀಲಿ ಅದ್ದಿದ ದಾರದ ಒಂದು ತುದಿಯನ್ನು ಅವನ ಕೈಗೆ ಕೊಟ್ಟ. ಇಬ್ಬರೂ ಎಳೆದು ಹಿಡಿದು, ಬಟ್ಟೆಯ ಮೇಲೆ ಮಟ್ಟದ ಗೆರೆ ಹೊಡೆದರು.

ಅಮೃತೂರಿಗೆ ಭಾನುವಾರ ಬೆಳಗಿನ ಬಸ್ಸು. ಪರದೆ ಬಸ್ಸಿನ ಟಾಪಿನ ಮೇಲೆ, ತೆಂಗಿನ ಸಸಿಗಳ ಕಟ್ಟಿನ ಪಕ್ಕ. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸುವಾಗ ಕದರಯ್ಯ ಅದನ್ನು ಯಾರ ಕೈಗೂ ಕೊಡದೆ ತಾನೇ ಇಳಿಸಿ ತಾನೇ ಏರಿಸಿದ. ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ಕಟ್ಟಿದರು. ಎಳೆದು ಮೇಲೇರಿಸಿದಾಗ ಎಡದ ಬೀದಿ, ಬಲದ ಬೀದಿ ಎರಡೂ ಹೋಗಿ ಒಂದೇ ಚುಕ್ಕೆಯಲ್ಲಿ ಸೇರಿದವು. ಊರು ನೆಟ್ಟಗೆ ನಿಂತಿತು.

ಕದರಯ್ಯ ಉಸಿರು ಬಿಟ್ಟ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು. ಆಕಾಶ. ಹೊಲಿಗೆಯ ಆಚೀಚೆ ಎರಡು ಗೇಣು ಮತ್ತೆ ಬಳಿದ ಆಕಾಶ ಹಳೆಯ ಆಕಾಶಕ್ಕೆ ಹೊಂದಿರಲಿಲ್ಲ. ಶೆಡ್ಡಿನ ಮಬ್ಬಿನಲ್ಲಿ ಒಂದೇ ಆಗಿ ಕಂಡ ನೀಲಿ ಬಯಲಿನ ಬಿಸಿಲಿನಲ್ಲಿ ಬೇರೆಯಾಗಿ, ನಡುವೆ ಉದ್ದಕ್ಕೆ ಒಂದು ಪಟ್ಟಿ ಎದ್ದು ಕಾಣುತ್ತಿತ್ತು.

ಶಾಲೆಯ ಹೆಡ್‌ಮೇಷ್ಟ್ರು ಲಕ್ಷ್ಮೀನರಸಿಂಹಯ್ಯ ಕೈ ಹಿಂದೆ ಕಟ್ಟಿಕೊಂಡು ಬಂದು ಪರದೆಯ ಮುಂದೆ ನಿಂತರು. ಬಿಳಿ ಪಂಚೆ, ಕನ್ನಡಕ. ಕನ್ನಡಕ ಏರಿಸಿ ನೋಡಿದರು. ಕದರಯ್ಯನ ಬೆನ್ನು ತಾನಾಗಿ ಬಿಗಿಯಿತು.

“ಯಾರಪ್ಪ ಇದನ್ನ ಬರೆದೋರು?”

ಗಂಗಹನುಮಯ್ಯ ತುಟಿ ಕಚ್ಚಿಕೊಂಡು ಕದರಯ್ಯನ ಕಡೆ ನೋಡಿದ. ಆ ನೋಟದಲ್ಲಿ ಅರ್ಧ ಬೇಡಿಕೆ, ಅರ್ಧ ಎಚ್ಚರಿಕೆ. ಸಂಜೆ ಇದೇ ಪರದೆಯ ಮುಂದೆ ಅವನು ಮತ್ತೆ ಆ ಆರು ಮಾತು ಹೇಳಬೇಕಾಗಿತ್ತು.

“ನಾನೇ ಸಾರ್,” ಎಂದ ಕದರಯ್ಯ.

“ಭೇಷ್. ಬಹಳ ಚೆನ್ನಾಗಿದೆ. ಎಲ್ಲಿ ನೋಡಿದ್ರೂ ಒಂದು ಊನ ಇಲ್ಲ.”

ಆಕಾಶ ಅವನ ಗಂಟಲಿಗೆ ಬಂತು. ‘ನೀಲಿ ನೋಡಿ ಸಾರ್, ಪಟ್ಟಿ ನೋಡಿ’ ಎಂಬುದು ನಾಲಗೆಯ ತುದಿಗೆ ಬಂದು ನಿಂತಿತು. ಅವನು ಹಲ್ಲು ಕಚ್ಚಿದ. ಆ ಮಾತಿಗೆ ಸಲ್ಲುವ ಜಾಗ ಗುಬ್ಬಿಯಲ್ಲಿದೆ, ನಾಳೆ ಬಸ್ಸಿದೆ, ಮೇಷ್ಟ್ರ ಹತ್ತಿರ ಬೀಸಣಿಗೆಯೂ ಇದೆ. ಎರಡು ಕೈ ಎತ್ತಿ ಜೋಡಿಸಿದ. ಕೈಗಳು ಮರದ ಕೈಗಳಂತೆ ಎದ್ದವು.

“ಸಂತೋಷ ಸಾರ್,” ಎಂದ. ನಿಂಗಮ್ಮ ಮಕ್ಕಳನ್ನು ಕರೆದುಕೊಂಡು ಹುಣಿಸೆಮರದ ನೆರಳಲ್ಲಿ ಕೂತಿದ್ದಳು. ಆ ಕಡೆ ಗದ್ದ ತೋರಿಸಿ, “ಹೊಲಿಗೆ ನಮ್ಮತ್ಗೇದು ಸಾರ್. ಅದನ್ನೂ ನೋಡಿ,” ಎಂದ.

ಹೆಡ್‌ಮೇಷ್ಟ್ರು ನೋಡಿದರು. “ಎಲ್ಲಿದೆ ಹೊಲಿಗೆ? ಕಾಣ್ತಾನೇ ಇಲ್ವಲ್ಲಮ್ಮ!” ಎಂದರು. ನಿಂಗಮ್ಮ ಸೆರಗು ಸರಿ ಮಾಡಿಕೊಂಡು, ಕೂತಲ್ಲಿಂದಲೇ ಕೈ ಮುಗಿದಳು. ಅವಳ ಕೈಗಳು ಸಲೀಸಾಗಿ ಎದ್ದವು.

ಹೆಡ್‌ಮೇಷ್ಟ್ರು ಆಚೆ ಹೋದ ಮೇಲೆ ಗಂಗಹನುಮಯ್ಯ ಬಂದು ಕದರಯ್ಯನ ಭುಜಕ್ಕೆ ಒಂದು ಗುದ್ದು ಕೊಟ್ಟ. “ಬದುಕ್ಕಂಡೆ ಕಣ್ಲಾ. ಬಾಯಿಗ್ ಬೀಗ ಹಾಕಾಕ್ ಬರ್ತದೆ ನಿಂಗೂ.”

ಕದರಯ್ಯ ಅತ್ತಿತ್ತ ನೋಡಿದ. ಹತ್ತಿರ ಯಾರೂ ಇರಲಿಲ್ಲ. ಗಂಗಹನುಮಯ್ಯನ ಕಿವಿಗೆ ಬಾಗಿ ಮೆಲ್ಲಗೆ ಹೇಳಿದ:

“ಅಣ್ಣ, ಆಕಾಶದ್ ನೀಲಿ ಬೇರೆ ಆಗೈತೆ. ನಡುವೆ ನೋಡು, ಪಟ್ಟಿ.”

“ಮುಚ್ಕೊಳ್ಳಲೇ,” ಎಂದ ಗಂಗಹನುಮಯ್ಯ. ಎರಡು ಹೆಜ್ಜೆ ಹೋದವನು ತಿರುಗಿ ನಿಂತು, ಕಣ್ಣು ಕಿರಿದು ಮಾಡಿ, ತಲೆ ಓರೆ ಮಾಡಿ ಪರದೆಯನ್ನು ಮತ್ತೊಮ್ಮೆ ನೋಡಿದ.